ಸೋಫಾ ನೋಡಲು ಬಂದವರು

ಇವರು ಸೋಫಾ ಕೊಳ್ಳಲು ಬಂದವರಲ್ಲ ಎಂಬುದು ನಾಲ್ಕನೇ ಸೋಫಾದ ಹೊತ್ತಿಗೆ ಜಾಕಿರ್‌ಗೆ ಖಾತ್ರಿಯಾಯಿತು. ಕೊಳ್ಳುವವರು ಮೊದಲು ರೇಟು ಕೇಳುತ್ತಾರೆ. ಈ ತಾಯಿ ಮಗಳು ಅರ್ಧ ಗಂಟೆಯಿಂದ ಕೂರುತ್ತಿದ್ದಾರೆ, ಏಳುತ್ತಿದ್ದಾರೆ, ರೇಟಿನ ಸುದ್ದಿಯೇ ಇಲ್ಲ. ಬಳ್ಳಾರಿ ರಸ್ತೆಯ ಹೊಸ ಷೋರೂಮಿನವರು ಕಳಿಸಿದ ಗೂಢಚಾರರೇ ಇರಬೇಕು.

ತಾಯಿ ಖಾತೂನ್ ಬೀ, ಮಗಳು ತಬಸ್ಸುಮ್, ಊರು ಮೊಳಕಾಲ್ಮುರು. ಬಾಗಿಲಲ್ಲೇ ಹೆಸರು ಹಿಡಿದು ಬರಮಾಡಿಕೊಂಡವರು, ಸುತ್ತಲಿನ ಊರವರ ಹೆಸರೆಲ್ಲ ಬಲ್ಲ ಜಾಕಿರ್‌ನ ತಂದೆ ವಲಿಸಾಬರು.

ಅದು 2002. ಶೇಂಗಾ ಮಾರಿ ಬಂದವರೆಲ್ಲ ಚಳ್ಳಕೆರೆಯಲ್ಲಿ ಸೋಫಾ ಹುಡುಕುತ್ತಿದ್ದ ಕಾಲ. ಸುತ್ತಲಿನ ಅರ್ಧ ಮದುವೆಗಳಿಗೆ ತಮ್ಮ ಅಂಗಡಿಯಿಂದ ಮಂಚ, ಬೀರು ಕಳಿಸುತ್ತಿದ್ದ ಜಾಕಿರ್‌ಗೆ ಮಾತ್ರ ಇಪ್ಪತ್ತೆಂಟಾದರೂ ಮದುವೆಯಿಲ್ಲ. ತಾಯಿ ತೀರಿಕೊಂಡು ಆರು ವರ್ಷ. ಹೆಂಗಸರಿಲ್ಲದ ಮನೆಗೆ ಹೆಣ್ಣು ಕೊಡೋದು ಹೇಗೆ ಎಂದು ಎರಡು ಸಂಬಂಧ ತಪ್ಪಿಹೋಗಿದ್ದವು. ಮೂರನೆಯದಾದರೂ ಕೂಡಿಬರಲಿ ಎಂದು ಅವನು ಐದು ಹೊತ್ತಿನ ನಮಾಜಿನಲ್ಲೂ ಬೇಡಿಕೊಳ್ಳುತ್ತಿದ್ದ.

ತಬಸ್ಸುಮ್ ಈಗ ತೇಗದ ಸೆಟ್ಟಿನ ಮುಂದೆ ನಿಂತಿದ್ದಳು. ಎರಡೂ ಕೈಯಾಸರೆಗಳಲ್ಲಿ ಬಾಯ್ದೆರೆದ ಸಿಂಹದ ಮುಖ.

"ನೋಡಾಕೆ ಚೆನ್ನಾಗೈತೆ. ಕೈ ಎಲ್ಲಿಡಾದು, ಸಿಂಹದ ಬಾಯಾಗಾ?"

ಜಾಕಿರ್ ನಗಲಿಲ್ಲ. ಗೂಢಚಾರರ ಜೊತೆ ಎಂಥ ನಗು.

ಪಕ್ಕದ ಫೋಮ್ ಸೋಫಾದಲ್ಲಿ ಖಾತೂನ್ ಬೀ ಕೂತರು. ಕೂತವರು ಸೊಂಟದವರೆಗೆ ಹೂತುಹೋದರು. ಎರಡು ಸಲ ಏಳಲು ನೋಡಿದರು, ಆಗಲಿಲ್ಲ. ಗಲ್ಲಾಪೆಟ್ಟಿಗೆ ಬಿಟ್ಟು ಅಲ್ಲಾಡದ ವಲಿಸಾಬರು ದಡಬಡ ಎದ್ದುಬಂದು, ಆಕೆ ಕೈಯೂರಿ ಏಳಲೆಂದು ಒಂದು ಸ್ಟೂಲು ಇಟ್ಟರು.

"ಮೆತ್ತಗಿದ್ರೆ ಆರಾಮು ಅಂತಲ್ರಿ," ಎಂದರು ನೆಲ ನೋಡುತ್ತ. "ಪಾದ ನೆಲಕ್ಕೆ ತಾಗಬೇಕು. ಏಳೋವಾಗ ಮೊಣಕಾಲು ಬೈಕೋಬಾರ್ದು."

ಇಷ್ಟು ಹೇಳಿ, ಚಹಾ ತರಲು ತಾವೇ ಹೊರಟರು. ನೀರು ಕೇಳಿದ ಗಿರಾಕಿಗೆ ಮೂಲೆಯ ಮಡಕೆ ತೋರಿಸುವ ಮನುಷ್ಯ. ಜಾಕಿರ್ ಬೆಪ್ಪಾಗಿ ನೋಡಿದ.

ಅವರ ಬೆನ್ನು ಮರೆಯಾದದ್ದೇ ತಡ, ತಬಸ್ಸುಮ್ ಶುರುಮಾಡಿದಳು.

"ಮನ್ಯಾಗೆ ಅಡಿಗೆ ಯಾರು ಮಾಡ್ತಾರೆ?"

ಇದು ಷೋರೂಮಿನವರು ಕೇಳುವ ಪ್ರಶ್ನೆಯಲ್ಲ. ಜಾಕಿರ್‌ಗೆ ಥಟ್ಟನೆ ಪರಶುರಾಂಪುರದ ಮೆಕ್ಯಾನಿಕ್ ಗೆಳೆಯ ನೆನಪಾದ. ಲೂನಾ ಪಂಚರ್ ಆಗಿದೆ ಎಂದು ಇಬ್ಬರು ಹೆಂಗಸರು ಬಂದಿದ್ದರಂತೆ. ಅವನ ಮಾತು, ಕೆಲಸ ಎಲ್ಲ ಕೂತು ನೋಡಿದರಂತೆ. ಎಂಟು ದಿನಕ್ಕೆ ನಿಕಾಹ್ ಗೊತ್ತಾಯಿತು. ಹೆಣ್ಣಿನ ಕಡೆಯವರು ಹೀಗೆ ಹೇಳದೆ ಬಂದು ಗಂಡು ನೋಡುವುದು ಹೊಸದೇನಲ್ಲ.

ಬೆಳಿಗ್ಗೆ ಅಬ್ಬಾ ಗಡ್ಡಕ್ಕೆ ಮೆಹಂದಿ ಹಚ್ಚಿ, ಅತ್ತರು ಪೂಸಿ, ಹೊಸ ಜುಬ್ಬಾ ತೊಟ್ಟದ್ದು ಏಕೆಂದು ಈಗ ತಿಳಿಯಿತು. ಬೀಗರ ಮುಂದೆ ಲಕ್ಷಣವಾಗಿ ಕಾಣಬೇಕಲ್ಲ. ಜಾಕಿರ್ ಮಾರಾಟಕ್ಕಿಟ್ಟ ಡ್ರೆಸ್ಸಿಂಗ್ ಟೇಬಲ್ಲಿನ ಕನ್ನಡಿಯಲ್ಲಿ ಕಳ್ಳತನದಿಂದ ತಲೆ ಬಾಚಿಕೊಂಡ. ಅವನಿಗೆ ಖುಷಿ ತಡೆಯಲಾಗಲಿಲ್ಲ.

"ಅಡಿಗೆ ನಾನೇ ಮಾಡ್ತೀನ್ರಿ. ಬೆಳಿಗ್ಗೆ ಚಾ ನಂದೇ. ಬಿರಿಯಾನಿನೂ ಬರ್ತೈತೆ."

"ಸಿಟ್ಟು?"

"ಆ ಸಾಮಾನು ನಮ್ಮನ್ಯಾಗೆ ಇಟ್ಟೇ ಇಲ್ಲ."

"ಗೊರಕೆ?"

"ಅಬ್ಬಾ ಒಬ್ರೇರಿ. ನಂದು ಉಸಿರೂ ಕೇಳಲ್ಲ."

ಖಾತೂನ್ ಬೀ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಜಾಕಿರ್‌ಗೆ ಇನ್ನಷ್ಟು ಹುರುಪು ಬಂತು. ಮೂರು ಸೀಟಿನ ಸೋಫಾವನ್ನು ಒಬ್ಬನೇ ಎತ್ತಿ ತೋರಿಸಿದ. ಸ್ಪ್ರಿಂಗು ಗಟ್ಟಿಯಿದೆ ಎಂದು ಅದರ ಮೇಲೆ ಕುಪ್ಪಳಿಸಿದ. ಯಾರೂ ಕೇಳದಿದ್ದರೂ, ತಾನು ಬೀಡಿ ಸಿಗರೇಟು ಮುಟ್ಟುವುದಿಲ್ಲ ಎಂದ. ತಬಸ್ಸುಮ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಇಂಥ ನಗು ಮನೆಯಲ್ಲಿದ್ದರೆ ಬೇರೇನು ಬೇಕು ಎಂದು ಅವನಿಗೆ ನಿಜವಾಗಿಯೂ ಅನಿಸಿತು.

ವಲಿಸಾಬರು ಚಹಾ ತಂದು ಮೊದಲ ಕಪ್ಪನ್ನು ಖಾತೂನ್ ಬೀ ಕೈಗೆ ಕೊಟ್ಟರು. ಆಗ ಆಕೆ ಗೋಡೆಯ ಬದಿಯ ಎರಡು ಸೀಟಿನ ಬೆತ್ತದ ಸೋಫಾದಲ್ಲಿ ಕೂತಿದ್ದರು. ಕೆತ್ತನೆಯಿಲ್ಲ, ಮಿರಿಮಿರಿ ರೆಕ್ಸಿನ್ ಇಲ್ಲ. ನೆಟ್ಟನೆಯ ಬೆನ್ನು, ಎಲೆಹಸಿರು ಹತ್ತಿಯ ದಿಂಬು. ಪಾದ ಎರಡೂ ನೆಲಕ್ಕೆ ತಾಗಿದ್ದವು. ಏನನ್ನೂ ಹಿಡಿಯದೆ ಎದ್ದರು, ಮತ್ತೆ ಕೂತರು.

"ಇದೇ ಇರ್ಲಿ," ಎಂದರು. "ಚೆಂದಾನೂ ಐತೆ, ಆರಾಮೂ ಐತೆ."

ಜಾಕಿರ್ ರಸೀದಿ ಪುಸ್ತಕ ತೆಗೆದ. "ಮೊಳಕಾಲ್ಮುರಿಗೆ ಯಾವಾಗ ಕಳಿಸ್ಲಿ, ಖಾಲಾ?"

"ಅಲ್ಲಿಗ್ಯಾಕೆ? ನಿಮ್ಮನ್ಯಾಗೇ ಹಾಕಿಸ್ರಿ."

ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೆಣ್ಣಿನ ಕಡೆಯವರು ಗಂಡಿನ ಮನೆಗೆ ಸೋಫಾ ಹಾಕಿಸುತ್ತಾರೆಂದರೆ ಇನ್ನು ಕೇಳುವುದೇನಿದೆ? ಆದರೂ ಅವಳ ಬಾಯಿಂದಲೇ ಕೇಳುವ ಆಸೆ. ಮೆಲ್ಲಗೆ ತಬಸ್ಸುಮ್ ಬಳಿ ಸರಿದು ಪಿಸುಗುಟ್ಟಿದ.

"ನಿಮಗೂ... ಒಪ್ಪಿಗೆನಾ?"

"ಮಗಳಾಗಿ ನಂದೂ ಒಪ್ಪಿಗೆನೇ, ಭಾಯಿಜಾನ್," ಎಂದಳು ತಬಸ್ಸುಮ್. "ನನ್ನ ಮದುವೆ ಆಗಿ ಮೂರು ವರ್ಷ ಆತು, ಈಗ ನಮ್ಮಮ್ಮಿ ನಿಮ್ಮ ಅಬ್ಬಾನ್ನ ಒಪ್ಕೊಂಡಾರೆ."