ಇಪ್ಪತ್ತೇಳನೇ ಲೈನು

"ಕರೆಂಟು ಹೋದಾಗ ನಲವತ್ತೆಂಟು ಲೈನೂ ಬ್ಯಾಟರಿ ಮೇಲೆ ಯಾಕಮ್ಮ ಓಡ್ಬೇಕು? ಬೇಡದ್ದೆಲ್ಲ ಆಫ್ ಆಗೋ ಹಂಗೆ ಮಾಡು," ಎಂದು ಮ್ಯಾನೇಜರ್ ನಂದಕುಮಾರ್ ಪಟ್ಟಿಯೊಂದನ್ನು ಬನಶಂಕರಿಯ ಮೇಜಿನ ಮೇಲೆ ಹಾಕಿದರು. ಹಿಂದಿನ ದಿನ ಅವರು ಬೊಂಬಾಯಿಯ ವ್ಯಾಪಾರಿಯ ಜೊತೆ ಮಾತಾಡುತ್ತಿದ್ದಾಗಲೇ ಕರೆಂಟು ಹೋಗಿ, ಮಿಲ್ಲಿನ ಟೆಲಿಫೋನ್ ಎಕ್ಸ್‌ಚೇಂಜಿನ ಬ್ಯಾಟರಿಯೂ ಮುಗಿದು ಮಾತು ಕಡಿದಿತ್ತು.

ದೊಡ್ಡಬಳ್ಳಾಪುರದ ಆ ರೇಷ್ಮೆ ಮಿಲ್ಲಿಗೆ ಬನಶಂಕರಿ ಟೆಲಿಫೋನ್ ಆಪರೇಟರ್. ಪಟ್ಟಿಯಲ್ಲಿ, ಯಾರೂ ಕರೆ ಮಾಡದ ಲೈನುಗಳಿಗೆಲ್ಲ ಕೆಂಪು ಗೀಟು ಬಿದ್ದಿತ್ತು. ಇಪ್ಪತ್ತೇಳರ ಮೇಲೆ ಅವಳ ಬೆರಳು ನಿಂತಿತು.

"ಸರ್, ಇದು ಬಾಯ್ಲರ್ ಮನೇದು. ಅಲ್ಲಿ ಬೈರಪ್ಪ ಒಬ್ರೇ ಇರ್ತಾರೆ."

"ಮೂರು ತಿಂಗಳಲ್ಲಿ ಎಷ್ಟು ಸಲ ಫೋನ್ ಮಾಡಿದ್ದಾನೆ?"

"ಒಂದ್ಸಲಾನೂ ಇಲ್ಲ."

"ಮತ್ತೆ?"

ಅವಳು ಗುಂಡಿಗಳನ್ನೊತ್ತಿ, ಕರೆಂಟು ಹೋದರೆ ಆ ಲೈನುಗಳು ತಾವಾಗಿ ಆಫ್ ಆಗುವಂತೆ ಮಾಡಿದಳು. ಬೈರಪ್ಪನಿಗೆ ಒಂದು ಮಾತು ಹೇಳಬೇಕು ಅನ್ನಿಸಿತು. ಬಾಯ್ಲರ್ ಮನೆ ಕಾಂಪೌಂಡಿನ ಆ ಕೊನೆಗಿತ್ತು, ಹೊರಗೆ ಸುಡುಬಿಸಿಲು. ಸಂಜೆ ಹೇಳಿದರಾಯಿತು ಅಂದುಕೊಂಡವಳು ಮರೆತಳು.

ನಾಲ್ಕನೇ ದಿನ ಮಧ್ಯಾಹ್ನ ಕರೆಂಟು ಹೋಯಿತು. ಬೊಂಬಾಯಿಯ ಮಾತು ಈ ಸಲ ಒಂದು ಗಂಟೆ ಕಡಿಯದೆ ನಡೆಯಿತು. ಕರೆಂಟು ಬಂದ ಮೇಲೂ ಬಾಯ್ಲರಿನಿಂದ ಹಬೆ ಬರಲಿಲ್ಲವೆಂದು, ರೇಷ್ಮೆಗೆ ಬಣ್ಣ ಹಾಕುವವರು ಹೋಗಿ ನೋಡಿದರೆ, ಬೈರಪ್ಪ ಗೋಡೆಗೊರಗಿ ಕಾಲು ಚಾಚಿ ಕೂತಿದ್ದ. ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಮೈ ತಣ್ಣಗಾಗುತ್ತಿತ್ತು. ಅರ್ಧ ಗಂಟೆ ಮುಂಚೆ ಕರೆತಂದಿದ್ದರೆ ನೋಡಬಹುದಿತ್ತು ಎಂದರು ಆಸ್ಪತ್ರೆಯ ಡಾಕ್ಟರು.

ನಂದಕುಮಾರ್ ಅವಳನ್ನು ರೂಮಿಗೆ ಕರೆಸಿದರು. "ಹಾರ್ಟ್ ಅಟ್ಯಾಕ್ ಅಂತ ಡಾಕ್ಟರೇ ಬರ್ಕೊಟ್ಟಿದ್ದಾರೆ. ನೀನು ತಲೆ ಕೆಡಿಸ್ಕೋಬೇಡ. ಯಾರಿಗೂ ಏನೂ ಹೇಳೋದೂ ಬೇಡ. ಆ ಲೈನ್ನ ಮಾತ್ರ ಈಗ್ಲೇ ಸರಿಮಾಡ್ಬಿಡು."

ಅವಳು ಸರಿಮಾಡಿದಳು.

ತಿಥಿ ಮುಗಿದ ಮೇಲೆ ಬೈರಪ್ಪನ ಹೆಂಡತಿ ಪಾಪಕ್ಕ, ಗಂಡನ ಊಟದ ಡಬ್ಬಿ, ಅಂಗಿ ತಗೊಂಡು ಹೋಗಲು ತೂಬಗೆರೆಯಿಂದ ಬಂದಳು. ಹೋಗುವಾಗ ಬನಶಂಕರಿಯ ಬಾಗಿಲಲ್ಲಿ ನಿಂತಳು.

"ಫೋನಿನವ್ಳು ನೀನೇ ಏನವ್ವ? ಅವ್ರ ಕೈಲಿ ಫೋನಿತ್ತಂತೆ. ಕೊನೇಗೆ ನಿನ್ ತಾವ ಏನಂದ್ರು?"

ವರಾಂಡದಲ್ಲಿ ಬರುತ್ತಿದ್ದ ನಂದಕುಮಾರ್ ಅಲ್ಲೇ ನಿಂತರು. ಬನಶಂಕರಿ ಅವರನ್ನು ನೋಡಿದಳು. ಆಮೇಲೆ ಕುರ್ಚಿಯಿಂದ ಎದ್ದಳು.

"ನಂಗೇನೂ ಕೇಳಿಸ್ಲಿಲ್ಲ ಪಾಪಕ್ಕ. ಆ ಲೈನು ನಾನೇ ಆಫ್ ಮಾಡಿದ್ದೆ."

ಪಾಪಕ್ಕನಿಗೆ ಅರ್ಥವಾಗಲಿಲ್ಲ. ಡಬ್ಬಿಯನ್ನು ಸೊಂಟಕ್ಕೆ ಒತ್ತಿಕೊಂಡು, ಮೇಜಿನ ಮೇಲಿನ ಎಕ್ಸ್‌ಚೇಂಜ್ ಪೆಟ್ಟಿಗೆಯ ಕಡೆ ಬಾಗಿದಳು.

"ಹಂಗಾದ್ರೆ," ಎಂದಳು, "ಅವ್ರು ಮಾತಾಡಿದ್ದು ಎಲ್ಲೋಯ್ತವ್ವ?"