ಕೆಟಲಿನೊಳಗಿನ ಚಿಪ್ಪು

ಕೆಟಲಿನಿಂದ ಸಿಂಕಿಗೆ ದೊಪ್ಪನೆ ಬಿದ್ದದ್ದನ್ನು ಕಂಡು ರೊವೀನಾ ಹಿಂದೆ ಸರಿದಳು. ಹುಳುಕು ಹಲ್ಲಿನ ಬಣ್ಣದ, ಪದರ ಪದರವಾಗಿ ಸುಣ್ಣ ಕಟ್ಟಿ ಊದಿಕೊಂಡ ಒಂದು ಗಂಟು. ಈ ಕೆಟಲಿನ ನೀರಿನ ಚಹಾವನ್ನೇ ಅವಳು ಈಗಷ್ಟೇ ಒಂದು ಕಪ್ ಕುಡಿದಿದ್ದಳು.

“ಸಿಂಪಿ ಚಿಪ್ಪು ಕಣಮ್ಮ ಅದು,” ಎಂದಳು ಅವಳ ಭಾವೀ ಅತ್ತೆ ಮೇವಿಸ್. “ನಮ್ಮ ಇಪ್ಸ್‌ವಿಚ್ ಊರಿನ ನೀರು ಬಲು ಗಡಸು. ಸುಣ್ಣ ಕೆಟಲಿಗೆ ಅಂಟೋ ಬದಲು ಚಿಪ್ಪಿಗೆ ಅಂಟ್ಲಿ ಅಂತ. ಹಾಕಿದ್ದು ನಮ್ಮತ್ತೆ. ಒಳಗೆ ಇನ್ನೊಂದು ಕಪ್ ಚಹಾಕ್ಕೆ ಕಾಯ್ತಾ ಕೂತಿದ್ದಾರೆ. ಮೆದು ನೀರಿನ ನಿಮ್ಮ ಬೆಟ್ಟದೂರಲ್ಲಿ ಇದೆಲ್ಲ ಎಲ್ಲಿ ಗೊತ್ತಿರತ್ತೆ! ಹಾಕು ವಾಪಸ್.”

ಮದುವೆಯಾದ ಮೇಲೆ ಇದೇ ಮನೆ, ಇದೇ ಕೆಟಲ್. ರೊವೀನಾ ಎರಡು ಬೆರಳಲ್ಲಿ ಅದನ್ನು ಎತ್ತಿದಳು. ಸುಣ್ಣ ಪುಡಿಯಾಗಿ ಉಗುರಿನ ಸಂದಿಗೆ ಮೆತ್ತಿತು, ಬಿರುಕಿನಿಂದ ಬಿಳಿ ಲೋಳೆ ಜಿನುಗಿತು.

“ಕ್ಷಮಿಸಿ, ನನ್ನ ಕೈಲಾಗಲ್ಲ. ವಾಕರಿಕೆ ಬರ್ತಿದೆ.” ಹೇಳಿದ ಮೇಲೆ, ಈ ಸಂಬಂಧ ಇಲ್ಲಿಗೆ ಮುಗಿಯಿತು ಎಂದುಕೊಂಡು ತಲೆ ತಗ್ಗಿಸಿದಳು.

ಮೇವಿಸ್ ಒಳಕೋಣೆಯ ಬಾಗಿಲ ಕಡೆ ಒಮ್ಮೆ ನೋಡಿ, ಕಸದ ಡಬ್ಬಿಯ ಮುಚ್ಚಳ ಎತ್ತಿ ಹಿಡಿದಳು.

“ಹಾಕ್ಬಿಡು, ಬೇಗ! ಈ ಮನೆಗೆ ಬಂದಾಗಿಂದ ನಂಗೂ ವಾಕರಿಕೇನೇ.”