ಮಾವ ಕೊಟ್ಟ ಕಪ್ಪು ಕಾರು

ಮದುವೆಯಲ್ಲಿ ಮಾವ ಕೊಟ್ಟ ಕಪ್ಪು ಸ್ಪೋರ್ಟ್ಸ್ ಕಾರಿನ ಬಾನೆಟ್ ಮೇಲೆ ಅಳಿಯನ ಮನೆಯವರು ವರ್ಷಗಟ್ಟಲೆ ಸಂಡಿಗೆ ಒಣಗಿಸಿದ್ದರು. ಮಾವ ಬರುತ್ತಾರೆಂದು ತಿಳಿದದ್ದೇ ತಡ, ಅಳಿಯ ಕಾರನ್ನು ಹಳೇ ಕಾರಿಗೆ ಹೊಳಪು ಕೊಡುವ ಡೀಟೇಲಿಂಗ್ ಅಂಗಡಿಗೆ ಒಯ್ದ.

"ಕಪ್ಪಾ ಸರ್ ಇದು? ನಾನು ಬೂದಿ ಬಣ್ಣ ಅಂದ್ಕೊಂಡೆ," ಎಂದ ಅಂಗಡಿಯವನು.

"ತಮಾಷೆ ಬೇಡ ಮಾರಾಯ. ಒಂದು ಗೀರು ಕಂಡ್ರೂ ಮಾವ ನನ್ನ ಚರ್ಮ ಸುಲೀತಾರೆ. ಇವತ್ತೇ ಶೋರೂಮಿಂದ ಇಳಿದಂಗಿರ್ಬೇಕು."

ಅಂಗಡಿಯವನು ಗೀರುಗಳನ್ನು ಉಜ್ಜಿ, ಪಾಲಿಶ್ ಮೇಲೆ ಪಾಲಿಶ್ ಹಾಕಿ ಕಾರನ್ನು ಕನ್ನಡಿ ಮಾಡಿಕೊಟ್ಟ.

ಮಾವ ಬಂದರು. ಕಾರಿಗೆ ಒಂದು ಸುತ್ತು ಹಾಕಿ, ಅದರ ಬಾಗಿಲಲ್ಲೇ ಮುಖ ನೋಡಿಕೊಂಡು ಮೀಸೆ ತೀಡಿದರು.

"ಭೇಷ್ ಅಳಿಯಂದ್ರೇ! ಹೊಸಾದ್ರಂಗೇ ಇಟ್ಟಿದೀರಿ."

ಅಳಿಯನಿಗೆ ಹೋದ ಜೀವ ಬಂತು.

"ಚಿಕ್ಕ ಮಗಳ ಮದುವೇಲಿ ಕೊಡೋಕೆ ಹೊಸ ಕಾರು ಹುಡುಕ್ತಿದ್ದೆ," ಎಂದು ಮಾವ ಕೈ ಚಾಚಿದರು. "ಇನ್ಯಾಕೆ? ಕೀ ಕೊಡಿ."